ಸಾಖರಪುಡಾ

ಚಿಕ್ಕೋಡಿಯಲ್ಲಿ ಚಿತ್ರ ತೂಗುಹಾಕಬೇಕೆಂದರೆ ಮಂಗಲ ಕಾರ್ಯಾಲಯವೇ ಗತಿ. ಹಿಂದಿನ ಮದುವೆಯ ಥರ್ಮೋಕೋಲ್ ನವಿಲುಗಳು ಸ್ಟೇಜಿನ ಮೇಲೆ ಹಾಗೇ ನಿಂತಿದ್ದವು. ತೆಗೆಸಿ ಎಂದು ಮ್ಯಾನೇಜರನಿಗೆ ಬೆಳಗಿನಿಂದ ಹೇಳಿ ಹೇಳಿ ಬಾಯಿ ನೋಯಿತು.

"ಇರ್ಲಿ ಬಿಡ್ರಿ ಟೀಚರ್, ಚಂದ ಕಾಣತಾವು" ಎಂದ.

ನಾನು ಅಂಕಲಿಯ ಉಜ್ವಲಾ, ಇಲ್ಲಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಪ್ರದರ್ಶನಕ್ಕೆ 'ಬಾಯಿಚಪಲ' ಎಂದು ಹೆಸರಿಟ್ಟಿದ್ದೆ. ಎಲ್ಲ ಚಿತ್ರಗಳಲ್ಲೂ ತಿನ್ನುವ ಪದಾರ್ಥವೇ, ಎಲ್ಲದರಲ್ಲೂ ಮನುಷ್ಯನ ಒಂದೊಂದು ದೌರ್ಬಲ್ಯ. ಹೊಗಳಿಕೆಗೆ ಸೋಲುವವನಿಗೆ ಜಿಲೇಬಿ, ಪಕ್ಕದವರ ತಾಟು ನೋಡಿ ಕರುಬುವವನಿಗೆ ಹುಗ್ಗಿ. ಬಂದವರು ಒಂದು ಸುತ್ತು ಹಾಕಿ, "ಮೆನು ಭಾರಿ ಐತ್ರಿ, ಕೇಟರಿಂಗ್ ಯಾರ್ದು?" ಎಂದು ಕೇಳಿದರು. ಒಬ್ಬರಲ್ಲ, ಸಾಲಾಗಿ ಕೇಳಿದರು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಹಾಳಾಗಿ ಹೋಗಲಿ. ನಾನು ಕಾಯುತ್ತಿದ್ದದ್ದು ಒಬ್ಬರನ್ನೇ, ನಮ್ಮಪ್ಪ ಮುರಗೆಪ್ಪನನ್ನು.

ಅಪ್ಪ ಒಳ್ಳೆಯವರು. ಆದರೆ ಯಾರಾದರೂ ಒತ್ತಾಯ ಮಾಡಿ ಬಡಿಸಿದರೆ ಅವರಿಗೆ 'ಒಲ್ಲೆ' ಎಂಬ ಶಬ್ದವೇ ಮರೆತುಹೋಗುತ್ತದೆ. ಹೋದ ತಿಂಗಳು ನನ್ನ ಸಂಬಂಧದ ಮಾತಿಗೆಂದು ಅವ್ವನನ್ನು ಕರೆದುಕೊಂಡು ಕಾಗವಾಡದ ದ್ರಾಕ್ಷಿ ತೋಟದವರ ಮನೆಗೆ ಹೋದರು. ಹುಡುಗನ ತಾಯಿ ತಾರವ್ವ ಹೋಳಿಗೆಯ ಮೇಲೆ ಹೋಳಿಗೆ ಹಾಕಿ, ತುಪ್ಪ ಸುರಿದು, "ಮದುವಿ ಆದ ಮ್ಯಾಲ ಸಾಲಿ ನೌಕರಿ ಬಿಡಸ್ತೀವ್ರಿ ಮತ್ತ" ಎಂದರಂತೆ. ಅಪ್ಪ ಬಾಯಿತುಂಬ ಹೋಳಿಗೆ ಇಟ್ಟುಕೊಂಡು ಗೋಣು ಹಾಕಿದರಂತೆ. ಇದನ್ನು ಹೇಳಿದ್ದು ಅವ್ವ. ಅಪ್ಪ ಮನೆಗೆ ಬಂದು ಹೊಗಳಿದ್ದು ಹೋಳಿಗೆಯನ್ನು ಮಾತ್ರ.

ನಾನು ಮಾತು ತೆಗೆದಾಗಲೆಲ್ಲ, "ಉಣ್ಣು ಹೊತ್ತಿನ್ಯಾಗ ಬ್ಯಾಡವ್ವಾ, ಆಮ್ಯಾಲ ಮಾತಾಡೂಣು" ಎನ್ನುತ್ತಿದ್ದರು. ಆ 'ಆಮ್ಯಾಲ' ಬರಲೇ ಇಲ್ಲ. ಬಾಯಿಂದ ಹೇಳಲು ಬಿಡದಿದ್ದರೆ ಬಣ್ಣದಲ್ಲಿ ಹೇಳುತ್ತೇನೆ ಎಂದು ನಾನೂ ಹಟ ಹಿಡಿದೆ.

ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಸಾಖರಪುಡಾ ಎನ್ನುತ್ತಾರೆ. ಸಕ್ಕರೆಯ ಪೊಟ್ಟಣ ಕೈ ಸೇರಿ, ಸಕ್ಕರೆ ಬಾಯಿಗೆ ಬಿದ್ದರೆ ಮಾತು ಮುಗಿದಂತೆ. ನನ್ನ ದೊಡ್ಡ ಚಿತ್ರಕ್ಕೆ ಅದೇ ಹೆಸರು. ಬಿಳಿ ಟೊಪ್ಪಿಗೆಯ ಗಂಡಸೊಬ್ಬ ಕಣ್ಣು ಮುಚ್ಚಿ ಬಾಯಿ ತೆರೆದು ನಿಂತಿದ್ದಾನೆ, ಮೇಲಿನ ಪೊಟ್ಟಣದಿಂದ ಸಕ್ಕರೆ ಸುರಿಯುತ್ತಿದೆ. ಅವನ ಬಾಯಿಂದ ಉಕ್ಕಿ ಬಿದ್ದ ಸಕ್ಕರೆಯಲ್ಲಿ ಪಕ್ಕದ ಹುಡುಗಿ ಎದೆಯ ತನಕ ಹೂತುಹೋಗಿದ್ದಾಳೆ. ಇದಕ್ಕಿಂತ ಬಿಡಿಸಿ ಹೇಗೆ ಹೇಳಲಿ?

ಮಧ್ಯಾಹ್ನ ಅಪ್ಪ ಬಂದರು. ಜೊತೆಗೆ ತಾರವ್ವ, ಅವರ ಮಗ ರೋಹನ. ಇವರನ್ನು ಯಾರು ಕರೆದಿದ್ದರು!

ತಾರವ್ವ ನೇರ ದೊಡ್ಡ ಚಿತ್ರದ ಮುಂದೆ ನಿಂತು ಹೆಸರು ಓದಿದರು. "ಅಯ್ಯ, ಸಾಖರಪುಡಾ! ನೋಡ್ರಿ ಬೀಗರ, ಬಾಯಿಲೆ ಹೇಳಾಕ ನಾಚಿಕೊಂಡು ಹುಡುಗಿ ಚಿತ್ರಾ ಬರದು ಒಪ್ಪಿಗಿ ಕೊಟ್ಟಾಳ. ಸಕ್ಕರಿಯಾಗ ಹ್ಯಾಂಗ ಮುಳಗ್ಯಾಳ ನೋಡ್ರಿ!"

"ಹಂಗಲ್ರಿ, ಅದು ಮನುಷ್ಯನ ದೌರ್ಬಲ್ಯ..." ಎಂದೆ.

"ಭಾಳ ಶಾಣ್ಯಾಕಿ" ಎಂದು ನನ್ನ ಗಲ್ಲ ಸವರಿದರು. ಮಂಗಲ ಕಾರ್ಯಾಲಯದಲ್ಲಿ ದೌರ್ಬಲ್ಯ ಎಂಬ ಶಬ್ದ ಯಾರ ಕಿವಿಗೂ ಬೀಳುವುದಿಲ್ಲ. ರೋಹನ ಚಿತ್ರದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡ. ಮ್ಯಾನೇಜರ ಇಂಥದ್ದಕ್ಕೆಲ್ಲ ಮುಂದು, ಕರೆಯದೆಯೇ ಅಡುಗೆಮನೆಯಿಂದ ಚಹಾದ ಸಕ್ಕರೆ ಡಬ್ಬಿ ತಂದ. ತಾರವ್ವ ಅಪ್ಪನ ಅಂಗೈಗೆ ಸಕ್ಕರೆ ಹಾಕಿದರು. ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡರು.

ಇನ್ನೊಂದು ಚಿಟಿಕೆ ನನ್ನ ಬಾಯಿಯ ಹತ್ತಿರ ಬಂತು. ಹಲ್ಲು ಕಚ್ಚಿ ಹಿಡಿದೆ. ಸಕ್ಕರೆ ತುಟಿಗೆ ತಾಗಿ ನೆಲಕ್ಕೆ ಉದುರಿತು.

"ಇದು ಒಪ್ಪಿಗಿ ಅಲ್ರಿ" ಎಂದೆ. ದನಿ ನನಗೇ ದೊಡ್ಡದೆನಿಸಿತು. "ಅಪ್ಪಾ, ಇದರಾಗ ಬಾಯಿ ತಗದು ನಿಂತವ್ರು ನೀವು. ಹುಗದು ಹೋಗಾಕತ್ತಿದಾಕಿ ನಾನು. ನೌಕರಿ ಬಿಡೂದಿಲ್ಲ. ಈ ಮದುವಿ ನಾ ಒಲ್ಲೆ."

ಮತ್ತೊಂದು ಚಿಟಿಕೆಗೆ ಹೋಗಿದ್ದ ತಾರವ್ವನ ಕೈ ಡಬ್ಬಿಯಲ್ಲೇ ನಿಂತಿತು. "ಏನ್ರಿ ಬೀಗರ, ಏನಂತಾಳ ನಿಮ್ಮ ಹುಡುಗಿ? ನೀವು ಏನಂತೀರಿ?"

ಎಲ್ಲರೂ ಅಪ್ಪನನ್ನೇ ನೋಡಿದರು. ಅಪ್ಪ ಚಿತ್ರ ನೋಡಿದರು, ನೆಲ ನೋಡಿದರು, ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ನೋಡಿದ ಕೂಡಲೇ ತಿಳದಿತ್ತವ್ವಾ. ಖರೇನ ಬರದಿ. ಆದ್ರ ಈಗ ಬಾಯಾಗ ಸಕ್ಕರಿ ಐತಿ. ಹ್ಯಾಂಗ ಒಲ್ಲೆ ಅನ್ನಲಿ?"

ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ತಿಳಿಯದವರಿಗೆ ಇನ್ನೊಂದು ಚಿತ್ರ ಬರೆದು ತೋರಿಸಬಹುದು. ತಿಳಿದೂ ನುಂಗುವವರಿಗೆ ಏನು ಮಾಡುವುದು? ನಾನು ಅಂಗೈ ಚಾಚಿ, ಕೂಸಿಗೆ ಹಿಡಿದಂತೆ, ಅಪ್ಪನ ಗದ್ದದ ಕೆಳಗೆ ಹಿಡಿದೆ.

"ಉಗುಳ್ರಿ" ಎಂದೆ.