ಭಾವ ಕೂರುತ್ತಿದ್ದ ಕುರ್ಚಿ

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ತಮ್ಮ ಶಿಲ್ಪಿ. ಪೊರಕೆ, ಬಕೆಟ್ಟು, ಸವೆದ ಚಪ್ಪಲಿ, ಇಂಥವನ್ನೇ ಅಚ್ಚು ತೆಗೆದು, ಫೈಬರಿನಲ್ಲಿ ಎರಕ ಹೊಯ್ದು, ನಿಜವೋ ಸುಳ್ಳೋ ತಿಳಿಯದಂತೆ ಬಣ್ಣ ಬಳಿಯುತ್ತಿದ್ದ. "ಬಕೆಟ್ ನೋಡೋಕೂ ಜನ ಟಿಕೆಟ್ ತಗೋತಾರೇನಯ್ಯಾ?" ಎಂದು ಭಾವ ಗೇಲಿ ಮಾಡುತ್ತಿದ್ದರು.

ಭಾವ ಬಸ್ಸಿನ ಡ್ರೈವರ್. ಕೆಲಸ ಮುಗಿಸಿ ಬಂದು ಮುಂದಿನ ಕೋಣೆಯ ಮೆತ್ತನೆ ಕುರ್ಚಿಯಲ್ಲಿ ಬಲಕ್ಕೆ ವಾಲಿ ಕೂತರೆ ಊಟಕ್ಕೇ ಏಳುವುದು. ತೀರಿಕೊಂಡದ್ದೂ ಅದರಲ್ಲೇ, ಅಕ್ಕ ಪಕ್ಕದ ಕೋಣೆಯಲ್ಲಿ ಮೆಷಿನ್ ತುಳಿಯುತ್ತಿದ್ದಾಗ. ಆಮೇಲೆ ಯಾರೂ ಅದರಲ್ಲಿ ಕೂರಲಿಲ್ಲ. ಅವರ ಭಾರಕ್ಕೆ ಬಿದ್ದ ತಗ್ಗು ಹಾಗೇ ಉಳಿಯಿತು. ಸಂಜೆಯಾದರೆ ಕುರ್ಚಿ ಕಿರ್ ಎನ್ನುತ್ತಿತ್ತು, ಯಾರೋ ಮಗ್ಗುಲು ಬದಲಿಸಿದ ಹಾಗೆ. ಅಕ್ಕ ಮೆಷಿನ್ ನಿಲ್ಲಿಸಿ ಕಿವಿಗೊಡುತ್ತಿದ್ದಳು. ತಲೆ ಕೆಟ್ಟಿದೆ ಅಂದಾರೆಂದು ಯಾರಿಗೂ ಹೇಳಲಿಲ್ಲ.

ಒಂದು ದಿನ ತಮ್ಮ ಕುರ್ಚಿ ಕೇಳಿದ. "ಅಚ್ಚು ತೆಗೆದು ವಾಪಸ್ ತಂದುಕೊಡ್ತೀನಿ ಕಣಕ್ಕ."

ಹೇಳಿದಂತೆ ತಂದೂ ಇಟ್ಟ. ಆದರೆ ಅಂದಿನಿಂದ ಸದ್ದು ನಿಂತಿತು. ಇವರು ಮನೆ ಬಿಟ್ಟು ಹೊರಟೇಹೋದರು ಎಂದುಕೊಂಡು ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ಮುಂದೊಂದು ಭಾನುವಾರ ಪುಟ್ಟ ಮೊಮ್ಮಗಳು ಆ ಕುರ್ಚಿಗೆ ದಬಕ್ಕನೆ ಹಾರಿ, "ಅಜ್ಜೀ, ಕುರ್ಚಿ ಕಲ್ಲು!" ಎಂದು ಅಳತೊಡಗಿದಳು. ಅಕ್ಕ ತಗ್ಗಿನ ಮೇಲೆ ಕೈಯಿಟ್ಟಳು. ಕಿತ್ತ ಎಳೆ, ಚಹಾದ ಕಲೆ, ಮೊಣಕೈ ತಾಗಿ ನಯವಾದ ಜಾಗ, ಎಲ್ಲವೂ ಇದ್ದವು. ಒತ್ತಿದರೆ ಕುಗ್ಗಲಿಲ್ಲ. ಇದು ತಮ್ಮ ಎರಕ ಹೊಯ್ದ ಕುರ್ಚಿ.

ತಮ್ಮನ ಶಿಲ್ಪಗಳ ಪ್ರದರ್ಶನ ನಡೆಯುತ್ತಿದ್ದ ಹಾಲ್‌ಗೆ ಆಕೆ ನೇರ ಹೋದಳು. ಬಿಳಿ ದೀಪದಡಿ, ಹಗ್ಗ ಕಟ್ಟಿದ ಜಾಗದಲ್ಲಿ ಗಂಡನ ಕುರ್ಚಿ ಇತ್ತು. "ಥೇಟ್ ನಿಜವಾದದ್ದೇ ಅನ್ಸುತ್ತಲ್ಲ!" ಎಂದು ಯಾರೋ ಬೆರಗಾಗಿ ನೋಡುತ್ತಿದ್ದರು.

ಅಕ್ಕ ತಮ್ಮನನ್ನು ಮೂಲೆಗೆ ಎಳೆದಳು. "ನನಗೇ ಮೋಸ ಮಾಡಿದೆಯೇನೋ?"

ಅವನು ತಲೆ ಎತ್ತಲಿಲ್ಲ. "ನಾನು ಮಾಡಿದ್ದರಲ್ಲಿ ಒಂದೆಳೆಯೂ ತಪ್ಪಿರಲಿಲ್ಲ ಅಕ್ಕ. ಆದರೆ ಅದು ಬರೀ ಖಾಲಿ ಕುರ್ಚಿ. ಇದು ಖಾಲಿ ಅನ್ನಿಸೋದೇ ಇಲ್ಲ, ಅದಕ್ಕೇ ಇದನ್ನೇ ಇಲ್ಲಿಟ್ಟೆ. ಕೆಲಸ ಮಾಡ್ತಾ ಬೆನ್ನು ಹಾಕಿ ನಿಂತ್ರೆ ಯಾರೋ ನೋಡ್ತಿರೋ ಹಾಗೆ. ಒಂದೊಂದ್ಸಲ ಸದ್ದು ಬೇರೆ..."

"ನಿನಗೂ ಕೇಳಿಸ್ತಾ?"

"ಹೂಂ."

ಅಕ್ಕನಿಗೆ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ತಮ್ಮನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, "ಇಷ್ಟು ಜನ ದುರುಗುಟ್ಟಿ ನೋಡಿದ್ರೆ ಆ ಮನುಷ್ಯನಿಗೆ ಹೇಗಾಗಬೇಡ? ಮೊದಲು ಮನೆಗೆ ತಗೊಂಡು ನಡಿ," ಎಂದಳು.

ತಮ್ಮ ಪ್ರದರ್ಶನದವರಿಗೆ ನಿಜ ಹೇಳಿದ. ಬೈಸಿಕೊಂಡ. ಕುರ್ಚಿ ಮನೆಗೆ ಬಂತು. ತಾನು ಮಾಡಿದ್ದನ್ನು ಒಡೆದುಹಾಕುತ್ತೇನೆ ಎಂದಾಗ ಅಕ್ಕ ಬಿಡಲಿಲ್ಲ. ಎರಡನ್ನೂ ಎದುರುಬದುರು ಇಡಿಸಿದಳು.

ಈಗ ಸಂಜೆ ಅಕ್ಕ ಆ ಗಟ್ಟಿ ಕುರ್ಚಿಯಲ್ಲಿ ಕೂತು, ಎದುರಿನ ಕುರ್ಚಿಗೆ ದಿನದ ಸುದ್ದಿಯೆಲ್ಲ ಹೇಳುತ್ತಾಳೆ. ಒಮ್ಮೆ ತಮ್ಮ ಬಂದವನು ನೋಡಲಾರದೆ ಕೇಳಿದ: "ಸೊಂಟ ನೋಯಲ್ವಾ? ಆ ಮೆತ್ತಗಿರೋದರಲ್ಲಿ ಕೂತ್ಕೋಬಾರದಾ?"

"ನೋಯುತ್ತೆ. ಅದರಲ್ಲಿ ನಾನು ಕೂತ್ರೆ ನಿಮ್ಮ ಭಾವ ಎಲ್ಲಿ ಕೂರ್ತಾರೋ?"

ತಮ್ಮ ಒಳಗಿನಿಂದ ಸ್ಟೂಲು ತಂದು ಬಾಗಿಲ ಬಳಿ ಹಾಕಿಕೊಂಡ.