ಎಡಗೈ ಮೇಲಿನ ಭಾರ

ನಾನು ಬೇವಿನ ಮರದ ಕುರ್ಚಿ. ನನ್ನನ್ನು ಮಾಡಿದ್ದು ಜೈಲಿನ ಬಡಗಿ ಕೋಣೆಯಲ್ಲಿ. ಮಾಡಿದವನು ಮಾತಾಡುತ್ತಿರಲಿಲ್ಲ, ಹೆಸರೂ ನನಗೆ ತಿಳಿಯಲಿಲ್ಲ. ನನ್ನ ಎರಡು ಕೈಗಳನ್ನು ಮಾತ್ರ ಮೂರು ದಿನ ಉಜ್ಜಿದ. ಕೂರುವವರಿಗಿಂತ ಏಳುವವರ ಚಿಂತೆ ಅವನಿಗೆ ಹೆಚ್ಚಿತ್ತೇನೋ.

ಹನ್ನೊಂದು ವರ್ಷ ಒಬ್ಬ ಗುಮಾಸ್ತರನ್ನು ಹೊತ್ತೆ. ಅವರು ನಿವೃತ್ತರಾದ ಮೇಲೆ ನನ್ನನ್ನು ಒಂದು ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ತಂದರು. ನನ್ನ ಮುಂದೆ ಮೂರು ಮೀಟರ್ ದೂರದಲ್ಲಿ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದರು. ವಯಸ್ಸಾದವರು ನನ್ನಿಂದ ಎದ್ದು, ಪಟ್ಟಿಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ವನಮಾಲಾ ಎಂಬ ಯುವತಿ ಗಡಿಯಾರ ಹಿಡಿದು ನಿಲ್ಲುತ್ತಿದ್ದಳು. ಹನ್ನೆರಡು ಸೆಕೆಂಡಿನೊಳಗೆ ಮುಗಿದರೆ ಬೀಳುವ ಭಯ ಕಡಿಮೆ. ಕುರ್ಚಿಯ ಕೈ ಮೇಲೆ ಭಾರ ಹಾಕಿ ಏಳಬಹುದು ಎಂದು ನಿಯಮದಲ್ಲೇ ಇತ್ತು.

ಒಂದು ಸೋಮವಾರ ಫಕೀರವ್ವ ಬಂದಳು. ಮಗಳು ದೇವಕ್ಕ ಜೊತೆಗಿದ್ದಳು. ಫಕೀರವ್ವ ನಲವತ್ತು ವರ್ಷ ಓಣಿಯ ಎಳೆಗೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರು ಎರೆದವಳು. ಈಗ ಮೊಮ್ಮಗಳು ಹೆತ್ತಿದ್ದಳು. ಆ ಕೂಸಿಗೆ ತಾನೇ ಎರೆಯಬೇಕೆಂದು ಮುದುಕಿಯ ಹಟ. ಆಸ್ಪತ್ರೆಯವರು ಹೂಂ ಅಂದರಷ್ಟೇ ಕೂಸನ್ನು ಕೈಗೆ ಕೊಡುವುದೆಂದು ಮಗಳ ಷರತ್ತು.

ವನಮಾಲಾ ಪ್ರಶ್ನೆಗಳ ಹಾಳೆ ನೋಡಿ ಕೇಳಿದಳು. "ಈ ವರ್ಷದಾಗ ಎಲ್ಲ್ಯಾರ ಬಿದ್ದೀರೇನು ಅಜ್ಜಿ?"

"ಬಿದ್ದಿದ್ರ ಇಲ್ಲೀತನಕ ನಡಕೊಂತ ಬರತಿದ್ನೇನವಾ?"

ಮನೆಯಲ್ಲಿ ಏನು ಕೆಲಸ ಎಂದು ಕೇಳಿದ್ದಕ್ಕೆ, "ಏನೈತಿ, ಕುಂದ್ರೂದು, ಏಳೂದು," ಅಂದಳು. ಅದು ನಿಜವೇ. ಎಲ್ಲಿ ಕೂರುತ್ತೀರಿ ಎಂದು ವನಮಾಲಾ ಕೇಳಲಿಲ್ಲ. ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಫಕೀರವ್ವ ಏಳುವಾಗ ಮೈಯ ಭಾರವನ್ನೆಲ್ಲ ನನ್ನ ಎಡಗೈ ಮೇಲೆ ಹಾಕಿದಳು. ಬಲಗಾಲು ನೆಲಕ್ಕೆ ಬರೀ ತಾಗಿತ್ತು. ಆ ಭಾರ ನನ್ನ ಕಾಲಿನ ತುದಿಯವರೆಗೆ ಇಳಿಯಿತು. ಎದ್ದ ಮೇಲೆ ಮಾತ್ರ ಸೆರಗು ಸಿಕ್ಕಿಸಿಕೊಂಡು, ಮದುವೆಗೆ ಹೊರಟವಳಂತೆ ನಡೆದಳು. ಹನ್ನೊಂದು ಸೆಕೆಂಡು. ವನಮಾಲಾ ನಕ್ಕು, ಬೀಳುವ ಭಯ ಕಡಿಮೆ ಎಂದು ಚೀಟಿ ಬರೆದಳು. ದೇವಕ್ಕ ಆ ಚೀಟಿಯನ್ನು ಎರಡು ಸಲ ಓದಿಸಿಕೊಂಡಳು.

ಕಿರುಗುಟ್ಟುವುದಕ್ಕೂ ಆಗದಷ್ಟು ಗಟ್ಟಿಯಾಗಿ ನನ್ನನ್ನು ಮಾಡಿದ್ದರು.

ಎರಡು ತಿಂಗಳ ಮೇಲೆ ಅವಳನ್ನು ಗಾಲಿಕುರ್ಚಿಯಲ್ಲಿ ತಂದರು. ಸೊಂಟದ ಮೂಳೆ ಮುರಿದು ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತಂತೆ. ಆಗಿದ್ದನ್ನು ದೇವಕ್ಕ ಮೆಲ್ಲಗೆ ಹೇಳಿದಳು. ಮುದುಕಿ ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕೂತು ಕೂಸಿಗೆ ಎರೆದಿದ್ದಳು. ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟಿದ್ದಳು. ಆಮೇಲೆ ತಾನು ಏಳಲು ಹೋದಳು.

"ಎರಡೂ ಕಡೆ ಕೈ ಚಾಚಿ ಏನೋ ಹುಡುಕಿದ್ಲರೀ. ಏನ್ ಹುಡುಕಿದ್ಲೋ ನನಗ ತಿಳೀಲಿಲ್ಲ."

ವನಮಾಲಾ ನನ್ನ ಎರಡು ಕೈಗಳ ಕಡೆ ನೋಡಿದಳು.

ಇಬ್ಬರೂ ಹಿಡಿದು ಫಕೀರವ್ವನನ್ನು ನನ್ನ ಮೇಲೆ ಕೂರಿಸಿದರು. ಅವಳ ಕೈಗಳು ತಾವಾಗಿ ನನ್ನ ಕೈಗಳನ್ನು ಹಿಡಿದವು. ಒತ್ತಿದವು. ಮೈ ಮೇಲೇಳಲಿಲ್ಲ. ವನಮಾಲಾ ಗಡಿಯಾರದ ಗುಂಡಿ ಒತ್ತಲೇ ಇಲ್ಲ.

"ಕೂಸಿಗೆ ಈಗ ಯಾರು ಎರಿತಾರ?" ಎಂದು ಫಕೀರವ್ವ ಕೇಳಿದಳು. ಬೇರೆ ಓಣಿಯ ಹೆಂಗಸು ಬರುತ್ತಾಳೆಂದು ಮಗಳು ಹೇಳಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಫಕೀರವ್ವ ತೀರಿಕೊಂಡಳೆಂದು ಅವಳ ಹಾಳೆಯನ್ನು ಕಟ್ಟಿನಿಂದ ತೆಗೆದರು.

ಅಂದಿನಿಂದ ವನಮಾಲಾ ಎಲ್ಲರನ್ನೂ ಮನೆಯಲ್ಲಿ ಎಲ್ಲಿ ಕೂರುತ್ತೀರಿ ಎಂದು ಕೇಳತೊಡಗಿದಳು. ಮರುವರ್ಷ ಅವಳಿಗೆ ವರ್ಗವಾಯಿತು. ಬಂದವರು ಮತ್ತೆ ಹಾಳೆಯಲ್ಲಿದ್ದಷ್ಟನ್ನೇ ಕೇಳಿದರು.

ಈಗ ನಾನು ಮೆಟ್ಟಿಲ ಕೆಳಗೆ, ಮುರಿದ ಮಂಚಗಳ ಜೊತೆ ಇದ್ದೇನೆ. ಎಡಗೈ ಸಡಿಲಾಗಿದೆ. ಮೇಲಿನ ಕೋಣೆಯಲ್ಲಿ ಹೊಸ ಕುರ್ಚಿಯಿಂದ ಯಾರೋ ಏಳುವ ಸದ್ದು, ನಡೆಯುವ ಸದ್ದು ದಿನವೂ ಕೇಳುತ್ತದೆ. ಎಷ್ಟು ಸೆಕೆಂಡು ಎಂದು ನಾನೂ ಎಣಿಸುತ್ತೇನೆ. ಯಾವ ಕೈ ಮೇಲೆ ಎಷ್ಟು ಭಾರ ಬಿತ್ತು ಎಂಬುದು ಮಾತ್ರ ಇಲ್ಲಿಗೆ ಕೇಳಿಸುವುದಿಲ್ಲ.