ಇಪ್ಪತ್ತನೆಯ ಚುಕ್ಕೆ

ನಮ್ಮ ಲ್ಯಾಬಿನಲ್ಲಿ ಅಕ್ಕ, ತಂಗಿ ಅಂತ ಎರಡು ವೋಲ್ಟ್ ಮೀಟರ್‌ಗಳಿವೆ. ಒಂದೇ ಕಂಪನಿಯವು, ಒಂದೇ ಮಾದರಿಯವು, ಒಂದೇ ರ‍್ಯಾಕ್‌ನಲ್ಲಿ ಒಂದರ ಮೇಲೊಂದು ಕೂತ ಬೂದು ಬಣ್ಣದ ಎರಡು ಪೆಟ್ಟಿಗೆಗಳು. ಬಯಾನ್ ಲೆಪಾಸ್‌ನ ಕಾರ್ಖಾನೆಗಳಿಂದ ಬರುವ ಮೀಟರ್‌ಗಳು ನಿಜ ಹೇಳುತ್ತಿವೆಯೋ ಇಲ್ಲವೋ ಎಂದು ನೋಡುವುದು ನಮ್ಮ ಕೆಲಸ. ದಿನನಿತ್ಯಕ್ಕೆ ತಂಗಿ. ತಂಗಿಯ ಮೇಲೇ ಅನುಮಾನ ಬಂದರೆ ಅಕ್ಕ. ಅಕ್ಕನನ್ನು ಅನುಮಾನಿಸುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಅಕ್ಕ ಪಾಕ್ ಇದ್ರುಸ್ ಅವರದು.

ಪಾಕ್ ಇದ್ರುಸ್ ನನಗೆ ಕೆಲಸ ಕಲಿಸಿದವರು. ಪಾಕ್ ಅಂದರೆ ಅಪ್ಪ, ಇಲ್ಲಿ ಹಿರಿಯರನ್ನು ಹಾಗೇ ಕರೆಯುತ್ತೇವೆ. ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ಈಗ ಎಪ್ಪತ್ತೊಂಬತ್ತು. ಬೇರೆ ಲ್ಯಾಬಿನವರು ವರ್ಷಕ್ಕೊಮ್ಮೆ ತಮ್ಮ ಮೀಟರನ್ನು ತಿದ್ದಿ ಸರಿಮಾಡುತ್ತಾರೆ. ಇವರು ಮಾತ್ರ ಅಕ್ಕನನ್ನು ತಿದ್ದಲು ಬಿಡಲಿಲ್ಲ. "ತಿದ್ದಿದ್ರೆ ನಿನ್ನೆಯ ಅಕ್ಕ ಬೇರೆ, ಇವತ್ತಿನ ಅಕ್ಕ ಬೇರೆ. ಅವಳು ವರ್ಷಕ್ಕೆ ಎಷ್ಟು ತಪ್ತಾಳೆ ಅಂತ ತಿಳ್ಕೊಂಡ್ರೆ ಸಾಕು," ಎನ್ನುತ್ತಿದ್ದರು. ಪ್ರತಿ ಆಗಸ್ಟ್‌ನಲ್ಲಿ ಸರ್ಕಾರಿ ಲ್ಯಾಬಿನಿಂದ ಹತ್ತು ವೋಲ್ಟ್‌ನ ಅಳತೆಪೆಟ್ಟಿಗೆ ಬರುತ್ತದೆ. ಅದನ್ನು ಅಕ್ಕ ಎಷ್ಟೆಂದು ತೋರಿಸುತ್ತಾಳೋ ಅಷ್ಟಕ್ಕೆ ಗೋಡೆಯ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ, ನಿವೃತ್ತರಾದ ಮೇಲೂ ಬಂದು ಇಡುವವರು ಅವರೇ. ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಚುಕ್ಕೆ, ದಾರ ಹಿಡಿದು ಇಟ್ಟಂತೆ ಒಂದೇ ಸಾಲು. ಹಾಳೆಯ ಪಕ್ಕದಲ್ಲಿ ಒಂದು ಕೆಂಪು ಪೆನ್ನು ನೇತಾಡುತ್ತದೆ. ಯಾರಾದರೂ ಸಾಲನ್ನು ಕಡಿದರೆ ಅದರಲ್ಲಿ ಮೇಲಿಂದ ಕೆಳಕ್ಕೆ ಗೆರೆ ಎಳೆದು, ಕಾರಣ ಬರೆದು, ಕಡಿದವರೇ ಸಹಿ ಹಾಕಬೇಕು. ಆ ಪೆನ್ನಿನ ಮುಚ್ಚಳವನ್ನು ಇದುವರೆಗೆ ಯಾರೂ ತೆಗೆದಿರಲಿಲ್ಲ.

ಮುಖ್ಯ ಕಚೇರಿಯ ಎಂಜಿನಿಯರ್‌ಗಳು ಹಿಂದೆ ಅವರನ್ನು ನೋಡಿ ನಕ್ಕಿದ್ದರು. "ಇಪ್ಪತ್ತು ಚುಕ್ಕೆ ಆಗಲಿ, ಆಮೇಲೆ ಮಾತಾಡೋಣ," ಅಂತ ಆ ಎಂಜಿನಿಯರ್‌ಗಳೇ ಅಂದಿದ್ದರಂತೆ. ಈ ವರ್ಷ ಇಪ್ಪತ್ತನೆಯದು. ಕೌಲಾಲಂಪುರದ ಸಮ್ಮೇಳನವೊಂದರಲ್ಲಿ ಆ ಹಾಳೆಯನ್ನು ಗಾಜು ಹಾಕಿಸಿ ತೂಗುಹಾಕಲು ಒಪ್ಪಿದ್ದರು. ಪಾಕ್ ಅವರ ಬಲಗಣ್ಣು ಹೋಗಿದೆ. ಎಡಗಣ್ಣಿಗೂ ಇನ್ನೊಂದು ವರ್ಷದ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿದ್ದರು. ತಾವೇ ನೋಡಿ ತಾವೇ ಇಡುವ ಕೊನೆಯ ಚುಕ್ಕೆ ಇದೇ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವರು ಬರುವುದು ಗುರುವಾರ. ಬುಧವಾರ ಆರು ಗಂಟೆಗಳ ಕಾಲ ಕರೆಂಟ್ ಇರುವುದಿಲ್ಲ ಎಂದು ಕಟ್ಟಡದವರು ಚೀಟಿ ಅಂಟಿಸಿ ಹೋದರು.

ಅಕ್ಕನ ಹೊಟ್ಟೆಯೊಳಗೆ ಮೂರು ಮೆಮೊರಿ ಚಿಪ್‌ಗಳಿವೆ. ತಯಾರಿಸುವಾಗ ತುಂಬಿದ ಅವಳ ತಿದ್ದುಪಡಿಯ ಅಂಕಿಗಳೆಲ್ಲ ಅವುಗಳಲ್ಲೇ ಇರುವುದು. ಆ ಅಂಕಿಗಳಿದ್ದರೆ ಅವಳು ಅಕ್ಕ, ಇಲ್ಲದಿದ್ದರೆ ಬರೀ ಪೆಟ್ಟಿಗೆ. ಕರೆಂಟ್ ಹೋದಾಗ ಅಂಕಿಗಳನ್ನು ಕಾಯಲು ಚಿಪ್ಪಿನೊಳಗೇ ಪುಟ್ಟ ಬ್ಯಾಟರಿ ಹುದುಗಿಸಿಟ್ಟಿರುತ್ತಾರೆ. ಅದಕ್ಕೆ ಹತ್ತು ವರ್ಷ ಆಯಸ್ಸು, ಇವಕ್ಕೆ ಇಪ್ಪತ್ತು ದಾಟಿದೆ. ನಮ್ಮ ಯುಪಿಎಸ್ ಎರಡು ಗಂಟೆಗೆ ಸುಸ್ತಾಗುತ್ತದೆ. ಹಾಗಾಗಿ ಮಂಗಳವಾರವೇ ಅಂಕಿಗಳನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸಿಕೊಂಡು, ಹೊಸ ಚಿಪ್ ಕೂರಿಸಿ, ವಾಪಸ್ ತುಂಬುವುದೆಂದು ತೀರ್ಮಾನಿಸಿದೆ. ಪಾಕ್‌ಗೆ ಫೋನ್ ಮಾಡಿದೆ.

"ಅಂಕಿ ಕೈಗೆ ಬರೋವರೆಗೂ ರ‍್ಯಾಕ್ ಎಳೀಬೇಡ, ಲಿಯನ್. ಹಿಂದಿನ ಪ್ಲಗ್ ಸಡಿಲ ಇದೆ. ಅಲುಗಾಡಿದ್ರೆ ಅಲ್ಲಿಗೆ ಮುಗೀತು."

"ಎಳೆಯಲ್ಲ ಪಾಕ್. ಸಂದಿಯಲ್ಲಿ ಕೈ ಹಾಕಿ ಕೇಬಲ್ ಸಿಗಿಸ್ತೀನಿ."

"ಎರಡು ಸಲ ಇಳಿಸ್ಕೋ. ಎರಡನ್ನೂ ಹೋಲಿಸಿ ನೋಡು. ನೀನಿದ್ದೀಯಲ್ಲ, ನನಗೇನು ಚಿಂತೆ."

ನನಗೆ ಬಾಯಿ ಜೋರು ಎಂದು ಹೆಸರಿದೆ, ಆದರೆ ಕೈ ನಿಧಾನ. ರ‍್ಯಾಕ್‌ಗೂ ಗೋಡೆಗೂ ನಡುವೆ ಒಂದು ತೋಳು ತೂರುವಷ್ಟೇ ಜಾಗ. ಕೆನ್ನೆಯನ್ನು ಗೋಡೆಗೊತ್ತಿ, ಉಸಿರು ಬಿಗಿಹಿಡಿದು, ಬೆರಳಲ್ಲೇ ತಡಕಿ ತಡಕಿ, ಮೂರು ಸಲ ಮುಟ್ಟಿ ಖಾತ್ರಿ ಮಾಡಿಕೊಂಡು ಕೇಬಲ್ ಸಿಗಿಸಿದೆ. ಇಡೀ ಬೆಳಿಗ್ಗೆ ಅದಕ್ಕೇ ಹೋಯಿತು. "ನೀನು ಯಾರು?" ಎಂದು ಕಂಪ್ಯೂಟರಿನಿಂದ ಕೇಳಿದೆ. ಮೀಟರ್ ತನ್ನ ಮಾದರಿಯ ಹೆಸರು ಹೇಳಿತು. ಈ ಮಾದರಿ ಹೇಳುವುದೇ ಅಷ್ಟು, ತನ್ನದೇ ಆದ ಸಂಖ್ಯೆಯನ್ನು ಹೇಳುವುದಿಲ್ಲ. ಎರಡು ಸಲ ಇಳಿಸಿಕೊಂಡೆ. ಎರಡೂ ಒಂದಕ್ಷರ ವ್ಯತ್ಯಾಸವಿಲ್ಲದೆ ಹೊಂದಿದವು. ಕೇಬಲನ್ನು ತಡಕಿ ಕಿತ್ತು, ಗೋಡೆಯ ಸ್ವಿಚ್ ಆರಿಸಿ, ಅಕ್ಕನನ್ನು ಮುಂದಿನಿಂದ ಎಳೆದು ಮೇಜಿಗೆ ತಂದೆ. ಹಳೆಯ ಚಿಪ್ ಕಿತ್ತು ಹೊಸದು ಬೆಸೆದೆ, ಅಂಕಿ ತುಂಬಿದೆ.

ಸಂಜೆ ನಾಲ್ಕಕ್ಕೆ ಹತ್ತು ವೋಲ್ಟ್‌ನ ಪೆಟ್ಟಿಗೆ ಹಚ್ಚಿ ನೋಡಿದರೆ ಐದನೆಯ ಅಂಕಿಯೇ ಬೇರೆ. ಅಕ್ಕ ಇಪ್ಪತ್ತು ವರ್ಷ ಕುಡಿದು ತೂರಾಡಿದ್ದರೂ ಅಷ್ಟು ತಪ್ಪುತ್ತಿರಲಿಲ್ಲ.

ಏನೋ ಹೊಳೆದು, ಕೇಬಲನ್ನು ಕಣ್ಣಾರೆ ನೋಡಿಕೊಂಡು ತಂಗಿಗೆ ಸಿಗಿಸಿ, ತಂಗಿಯ ಅಂಕಿಗಳನ್ನು ಇಳಿಸಿಕೊಂಡೆ. ಬೆಳಿಗ್ಗೆ ಅಕ್ಕನದೆಂದು ಇಳಿಸಿಕೊಂಡಿದ್ದು ಇದೇ. ಒಂದಕ್ಷರ ವ್ಯತ್ಯಾಸವಿಲ್ಲ. ನಾನು ಸಂದಿಯಲ್ಲಿ ತಡಕಿ ಸಿಗಿಸಿದ್ದು ತಂಗಿಗೆ. ತಂಗಿಯ ಅಂಕಿಗಳನ್ನು ಎರಡೆರಡು ಸಲ ಹೋಲಿಸಿ ನೋಡಿ, ಹೆಮ್ಮೆಪಟ್ಟು, ಅಕ್ಕನ ಅಂಕಿಗಳನ್ನು ನನ್ನ ಕೈಯಾರೆ ಕೊಂದಿದ್ದೆ.

"ಲೆಚ್ಚು," ಎಂದು ಕರೆದೆ. ಲೆಚ್ಚುಮಿ ನಮ್ಮ ಲ್ಯಾಬಿನ ಮೇಲ್ವಿಚಾರಕಿ, ನಾನು ಸೇರಿದ ವರ್ಷವೇ ಸೇರಿದವಳು. ಓಡಿ ಬಂದಳು. ನನ್ನ ಮುಖ ನೋಡಿ, ಕೈಯಲ್ಲಿದ್ದ ಕೋಪಿಯ, ಅಂದರೆ ಇಲ್ಲಿಯ ಕಾಫಿಯ, ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟಳು. ಮೇಜಿನ ಮೇಲೆ ಕೋಪಿ ಇಡಬಾರದೆಂದು ಬೋರ್ಡು ಬರೆಸಿದವಳೇ ಅವಳು.

"ಹಳೇ ಚಿಪ್ ಇದೆಯಲ್ಲ ಮಾರಾಯ್ತಿ, ಅದನ್ನೇ ಓದು."

ಓದಿದೆ. ಸಾಲು ಸಾಲಿಗೂ ಒಂದೇ ಅಕ್ಷರ, ಅಂದರೆ ಖಾಲಿ. ಬ್ಯಾಟರಿ ಎಂದೋ ಸತ್ತಿತ್ತು. ತೆಗೆದು, ಒರೆಸಿ, ಮತ್ತೆ ಹಾಕಿ ಓದಿದೆ. ಕಾಲುಗಳನ್ನು ಉಜ್ಜಿ ಓದಿದೆ. ಕೊನೆಗೆ ನಾಚಿಕೆ ಬಿಟ್ಟು ಬಾಯಿಂದ ಊದಿಯೂ ನೋಡಿದೆ. ಮೀಟರ್ ತಯಾರಿಸಿದವರಿಗೆ ಬರೆದೆ. ಹೊಸದಾಗಿ ತಿದ್ದಿಕೊಡುತ್ತೇವೆ, ಹಳೆಯ ಅಂಕಿಗಳು ನಮ್ಮಲ್ಲಿಲ್ಲ ಎಂದು ಬಹಳ ಮರ್ಯಾದೆಯಿಂದ ಉತ್ತರ ಬಂತು. ಇನ್ನು ಮಾಡುವುದಕ್ಕೆ ಏನೂ ಇರಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಬಹುದು, ಇಲ್ಲವಾದದ್ದನ್ನು ಏನು ಮಾಡುವುದು? ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆ.

ಬುಧವಾರ ಕರೆಂಟ್ ಹೋಗಿ ಬಂತು. ಅಕ್ಕನನ್ನು ರ‍್ಯಾಕ್‌ನಲ್ಲಿ ಅವಳ ಜಾಗಕ್ಕೆ ವಾಪಸ್ ಕೂರಿಸಿದೆ. ಲೆಚ್ಚು ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ಕೂತಳು.

"ಕೇಳು. ಹತ್ತೊಂಬತ್ತು ಚುಕ್ಕೆ ಸಾಲಾಗಿ ಹೋಗ್ತಿವೆ. ಇಪ್ಪತ್ತನೇದು ಎಲ್ಲಿಗೆ ಬೀಳ್ಬೇಕಿತ್ತು ಅಂತ ಯಾರು ಬೇಕಾದ್ರೂ ಹೇಳ್ತಾರೆ. ಅಕ್ಕನಿಗೆ ಅಷ್ಟು ತೋರಿಸೋ ಹಾಗೆ ಅಂಕಿ ತುಂಬು. ಅವರು ಬರ್ತಾರೆ, ನೋಡ್ತಾರೆ, ಚುಕ್ಕೆ ಇಡ್ತಾರೆ. ಅವರಿಗೆ ಇನ್ನೆಷ್ಟು ದಿನ ಕಣ್ಣು?"

"ನೀನು ಮೇಲ್ವಿಚಾರಕಿ. ನಾಚಿಕೆಯಾಗಲ್ವಾ?"

"ಆಗುತ್ತೆ. ನಿನ್ನ ಮುಖ ನೋಡೋಕಾಗ್ತಿಲ್ಲ, ಅದಕ್ಕೇ ಹೇಳ್ದೆ."

ಸುಳ್ಳು ಹೇಳಲಾರೆ, ಆಸೆಯಾಯಿತು. ಕಂಪ್ಯೂಟರಿನ ಮುಂದೆ ಕೂತು, ಆ ಅಂಕಿ ಯಾವುದಿರಬಹುದೆಂದು ಲೆಕ್ಕವನ್ನೂ ಹಾಕಿದೆ. ಆದರೆ ತಿದ್ದಬೇಡ ಎಂದು ಇಪ್ಪತ್ತು ವರ್ಷ ಬಡಿದುಕೊಂಡ ಮನುಷ್ಯನ ಮುಂದೆ ತಿದ್ದಿದ ಅಕ್ಕನನ್ನು ನಿಲ್ಲಿಸಲು ಕೈ ಬರಲಿಲ್ಲ. ಕಂಪ್ಯೂಟರ್ ಆರಿಸಿದೆ.

ಗುರುವಾರ ಹತ್ತಕ್ಕೆ ಪಾಕ್ ಬಂದರು. ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ಕಪ್ಪು ಟೋಪಿ, ಪ್ರತಿ ವರ್ಷದಂತೆ ಕೈಯಲ್ಲಿ ಕಡಲೆಕಾಯಿಪುಡಿ ತುಂಬಿ ಮಡಚಿದ ಸಿಹಿದೋಸೆ, ಬಿಸಿ ಅಪಮ್ ಬಾಲಿಕ್‌ನ ಪೊಟ್ಟಣ. ಕಿಸೆಯಿಂದ ಪೆನ್ಸಿಲ್ ತೆಗೆದರು, ಆಗಲೇ ಚೂಪು ಮಾಡಿಕೊಂಡು ತಂದಿದ್ದರು. ಅವರು ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಕೇಬಲ್, ತಂಗಿ, ಚಿಪ್, ಖಾಲಿ, ಎಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಪೆನ್ಸಿಲಿನ ಮೊನೆಯನ್ನು ಬೆರಳಿಂದ ಮುಟ್ಟಿ ನೋಡಿದರು.

"ಎರಡು ಸಲ ಹೋಲಿಸಿದ್ಯಲ್ಲ?"

"ಹೋಲಿಸಿದೆ ಪಾಕ್. ಎರಡು ಸಲವೂ ತಂಗಿಯದೇ."

"ರ‍್ಯಾಕ್ ಎಳೀಬೇಡ ಅಂದಿದ್ದು ನಾನು." ಅವರ ದನಿ ಇದ್ದಕ್ಕಿದ್ದಂತೆ ಚಿಕ್ಕದಾಯಿತು. "ನೋಡದೆ ಸಿಗಿಸು ಅಂದ ಹಾಗಾಯ್ತು. ಹಾಗಾದ್ರೆ ಕಡಿದಿದ್ದು ನಾನೇನಾ?"

ನಾನು ಉತ್ತರ ಕೊಡುವಷ್ಟರಲ್ಲಿ ರ‍್ಯಾಕ್ ಹತ್ತಿರ ಹೋದರು. ಕಂಪ್ಯೂಟರಿನ ಕೇಬಲ್ ಪಕ್ಕದಲ್ಲೇ ನೇತಾಡುತ್ತಿತ್ತು. ಅದನ್ನು ಹಿಡಿದು, ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ನನ್ನ ಹಾಗೆಯೇ ಕೆನ್ನೆಯನ್ನು ಗೋಡೆಗೊತ್ತಿ ಸಂದಿಯಲ್ಲಿ ತೋಳು ತೂರಿಸಿದರು. ತಡಕಿದರು. ಹಣೆಯ ಮೇಲೆ ಬೆವರು ಬಂತು. ಕಟಕ್ಕೆಂದು ಸದ್ದಾಯಿತು.

"ಇದು ಅಕ್ಕ," ಎಂದರು. "ಟಾರ್ಚ್ ಬಿಟ್ಟು ನೋಡು. ಕೈಗೆ ತಿಳಿಯುತ್ತೋ ಇಲ್ವೋ ಹೇಳು."

ಫೋನಿನ ಬೆಳಕು ಬಿಟ್ಟು ಇಣುಕಿದೆ. ಲೆಚ್ಚು ಕೂಡ ನನ್ನ ಭುಜದ ಮೇಲಿಂದ ಇಣುಕಿದಳು. ಕೇಬಲ್ ತಂಗಿಯ ಬೆನ್ನಿನಲ್ಲಿತ್ತು.

ಲೆಚ್ಚುವಿನ ಉಗುರು ನನ್ನ ತೋಳಿಗೆ ಚುಚ್ಚಿತು. ಪಾಕ್ ಗೋಡೆಗೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದರು, ಇದ್ದ ಒಂದು ಕಣ್ಣಿನಿಂದ.

"ಅಕ್ಕನಿಗೇ ಹೋಗಿದೆ ಪಾಕ್," ಎಂದೆ. "ಸರಿಯಾಗಿ ಕೂತಿದೆ."

ಅವರು ಉಸಿರು ಬಿಟ್ಟರು. ಟೋಪಿ ಹಾಕಿಕೊಂಡರು. ಆಮೇಲೆ ಸಿಟ್ಟು ಬಂತು, ನಾನು ಕಾಯುತ್ತಿದ್ದ ಸಿಟ್ಟು. "ನೋಡಿದ್ಯಾ? ನಿಧಾನವಾಗಿ ಮಾಡಿದ್ರೆ ಕೈಗೆ ತಿಳಿಯುತ್ತೆ. ನೀನು ಅವಸರ ಮಾಡ್ದೆ. ಇಷ್ಟು ವರ್ಷ ಕಲಿಸಿದ್ದೀನಿ ನಿಂಗೆ. ಇನ್ನೊಂದು ಗಳಿಗೆ ತಾಳೋಕಾಗ್ಲಿಲ್ವಾ?"

"ಹೌದು ಪಾಕ್. ಅವಸರ ಮಾಡ್ದೆ."

ಅವರು ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡು, ಗೋಡೆಯ ಮೇಲಿನ ಕೆಂಪು ಪೆನ್ನನ್ನು ತೆಗೆದು ನನಗೆ ಕೊಟ್ಟರು. ಇಪ್ಪತ್ತು ವರ್ಷದ ಪೆನ್ನು, ಶಾಯಿ ಒಣಗಿತ್ತು. ಲೆಚ್ಚು ತನ್ನ ಕೆಂಪು ಪೆನ್ನು ತಂದುಕೊಟ್ಟಳು. ಹತ್ತೊಂಬತ್ತನೆಯ ಚುಕ್ಕೆಯ ಮುಂದೆ ಮೇಲಿಂದ ಕೆಳಕ್ಕೆ ಗೆರೆ ಎಳೆದೆ. ಪಾಕ್ ಮೂಗು ಹಾಳೆಗೆ ತಾಗುವಷ್ಟು ಹತ್ತಿರ ಬಂದು ಆ ಗೆರೆಯನ್ನು ನೋಡಿದರು. ಬೆರಳಿಂದ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟುತ್ತ ಮೊದಲನೆಯದರವರೆಗೆ ಹೋದರು.

"ಕಾರಣ ಬರಿ. ಬರೆದು ಓದು, ನನಗೆ ಅಕ್ಷರ ಕಾಣಲ್ಲ."

ಬರೆದು ಓದಿದೆ: "ಕೆಲಸ ಮಾಡಿದವಳ ಅವಸರ. ಖೂ ಸ್ವೀ ಲಿಯನ್."

ಅವರು ತಲೆಯಾಡಿಸಿದರು. ಅಪಮ್ ಪೊಟ್ಟಣ ಬಿಚ್ಚಿ, ಆರಿಹೋಗುತ್ತೆ ತಿನ್ನಿ ಎಂದು ನಮ್ಮಿಬ್ಬರ ಕೈಗೂ ಒಂದೊಂದು ಇಟ್ಟರು. ಲೆಚ್ಚು ತಿನ್ನದೆ ಹಾಳೆಯನ್ನೇ ನೋಡುತ್ತಿದ್ದಳು. ಆ ದಿನ ನಾನು ಅವಸರ ಮಾಡಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.